ನಾಟಕಕ್ಕೆ ಪಟ್ಟಿ ಎತ್ತುವ ಊರು, ಹಾಡಿಲ್ಲದ ಸಾಲಿ

ಕಾಗಿಣಾ ಹೊಳೆಯ ಎಡಬಲದ ಊರುಗಳಲ್ಲಿ ಜಾತ್ರೆ ಹತ್ತಿರ ಬಂತೆಂದರೆ ಪಟ್ಟಿ ಎತ್ತುವವರು ಮನೆಮನೆಗೆ ಬರುತ್ತಾರೆ. ನಾಟಕದ ಸೀನಿಗೆ ಇಷ್ಟು, ಪೇಟಿ ಮಾಸ್ತರರಿಗೆ ಇಷ್ಟು, ತಬಲಾದವರಿಗೆ ಇಷ್ಟು, ಹೆಣ್ಣು ಪಾತ್ರಕ್ಕೆ ಪರ ಊರಿನಿಂದ ಬರುವ ಕಲಾವಿದೆಗೆ ಇಷ್ಟು, ಮೈಕಿನವರಿಗೆ ಇಷ್ಟು. ತೊಗರಿ ಮಾರಿ ಬಂದ ದುಡ್ಡಿನಲ್ಲಿ ಒಂದು ಪಾಲನ್ನು ಇದಕ್ಕೆಂದೇ ಎತ್ತಿಡುವವರೂ ಇದ್ದಾರೆ. ಮಳೆ ಕೈಕೊಟ್ಟ ವರ್ಷ ಮೊತ್ತ ಇಳಿದೀತು, ಪಟ್ಟಿ ನಿಲ್ಲದು. ಇದರಿಂದ ಏನು ಲಾಭ ಎಂದು ಬಾಗಿಲಿಗೆ ಬಂದವರನ್ನು ಯಾರೂ ಕೇಳುವುದಿಲ್ಲ.

ಅದೇ ಮನೆಯ ಹುಡುಗ ಸಾಲಿಯಲ್ಲಿ ಚಿತ್ರ ಬರೆಯುತ್ತ ಕುಳಿತನೆಂದು ಗೊತ್ತಾದರೆ ಮಾತು ಬದಲಾಗುತ್ತದೆ. ‘ಚಿತ್ರ ಬರದ್ರ ಹೊಟ್ಟಿ ತುಂಬತದೇನ್ರಿ ಸರ್? ಲೆಕ್ಕ ಹೇಳಿಕೊಡ್ರಿ’ ಎಂಬ ಧಾಟಿಯ ಮಾತನ್ನು ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಮೇಷ್ಟ್ರುಗಳು ಕೇಳಿಯೇ ಇರುತ್ತಾರೆ. ಊರಿಗೆ ಕಲೆಯ ಬೆಲೆ ಗೊತ್ತಿಲ್ಲ ಎಂದು ಇದಕ್ಕೆ ಅರ್ಥ ಹಚ್ಚಿದರೆ ತಪ್ಪಾಗುತ್ತದೆ. ಊರು ಕಲೆಗೆ ರಾತ್ರಿಯನ್ನೂ ಜಾತ್ರೆಯನ್ನೂ ಕೊಟ್ಟಿದೆ, ಸಾಲಿಗೆ ಹಗಲನ್ನೂ ಪರೀಕ್ಷೆಯನ್ನೂ ಕೊಟ್ಟಿದೆ. ಎರಡಕ್ಕೂ ನಡುವೆ ದಾರಿ ಮಾಡಿಕೊಟ್ಟವರಿಲ್ಲ, ಅಷ್ಟೆ.

ಪಾಲಕರ ಆತಂಕವನ್ನು ತಳ್ಳಿಹಾಕುವುದೂ ಸುಲಭವಲ್ಲ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ 91.12 ಪಡೆದು ಮೊದಲಿತ್ತು. ಈ ಊರುಗಳಿರುವ ಕಲಬುರಗಿ ಜಿಲ್ಲೆ ಶೇ 42.43 ಪಡೆದು ಕಟ್ಟಕಡೆಗಿತ್ತು. ಇಂಥ ಫಲಿತಾಂಶ ಬಂದ ಮೇಲೆ ಜಿಲ್ಲೆಯಲ್ಲಿ ಏನಾಗುತ್ತದೆಂದು ಬಲ್ಲವರಿಗೆ ಹೇಳಬೇಕಿಲ್ಲ. ಮುಖ್ಯಗುರುಗಳಿಗೆ ನೋಟಿಸು, ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಶನಿವಾರ ಕಿರುಪರೀಕ್ಷೆ. ವೇಳಾಪಟ್ಟಿಯಲ್ಲಿ ‘ಚಿತ್ರಕಲೆ’ ಎಂದು ಬರೆದ ಪಿರಿಯಡ್ಡು ಗೋಡೆಯ ಮೇಲೆ ಉಳಿಯುತ್ತದೆ, ಕೋಣೆಯೊಳಗೆ ಗಣಿತ ನಡೆಯುತ್ತದೆ. ಗಣಿತದ ಮೇಷ್ಟ್ರನ್ನು ದೂರಿ ಫಲವಿಲ್ಲ. ಅವರ ಕೊರಳಿಗೆ ಬಂದದ್ದು ಶೇಕಡಾವಾರು.

ಆದರೆ ಮೊದಲು ಬಂದ ಜಿಲ್ಲೆಯನ್ನೂ ಒಮ್ಮೆ ನೋಡಬೇಕು. ಕರಾವಳಿಯ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಯಕ್ಷಗಾನ ಕಲಿಯುತ್ತಾರೆ, ವಾರ್ಷಿಕೋತ್ಸವದಲ್ಲಿ ಗೆಜ್ಜೆ ಕಟ್ಟುತ್ತಾರೆ. ಪಕ್ಕದ ಉಡುಪಿಯಲ್ಲಿ ಯಕ್ಷ ಶಿಕ್ಷಣ ಟ್ರಸ್ಟ್ ವರ್ಷಗಳಿಂದ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳಿಸಿ ಹುಡುಗ ಹುಡುಗಿಯರಿಬ್ಬರಿಗೂ ಹೆಜ್ಜೆ, ಮಾತುಗಾರಿಕೆ ಕಲಿಸುತ್ತ ಬಂದಿದೆ. ಕೊನೆಗೆ ಆ ಮಕ್ಕಳೆಲ್ಲ ವೇಷ ಕಟ್ಟಿ ರಂಗಕ್ಕೆ ಬರುತ್ತಾರೆ. ಹಿಂದೆ ದಾನಿಗಳಿದ್ದಾರೆ, ಹಳೆ ವಿದ್ಯಾರ್ಥಿಗಳಿದ್ದಾರೆ, ಚೌಕಿಯಲ್ಲಿ ಮಗುವಿನ ಮುಖಕ್ಕೆ ಬಣ್ಣ ಹಚ್ಚುವುದನ್ನು ನೋಡುತ್ತ ನಿಂತ ಪಾಲಕರಿದ್ದಾರೆ. ಯಕ್ಷಗಾನದಿಂದಲೇ ಶೇ 91 ಬಂತೆಂದು ಹೇಳಿದರೆ ನಗೆಪಾಟಲಾದೀತು, ಅಲ್ಲಿನ ಫಲಿತಾಂಶಕ್ಕೆ ಬೇರೆ ನೂರು ಕಾರಣಗಳಿವೆ. ಹೆಜ್ಜೆ ಕಲಿತದ್ದರಿಂದ ಅಲ್ಲಿ ಯಾರ ಲೆಕ್ಕವೂ ಕೆಡಲಿಲ್ಲ ಎಂಬಷ್ಟನ್ನು ನಮ್ಮ ಮುಖ್ಯಗುರುಗಳು ಧೈರ್ಯವಾಗಿ ಹೇಳಬಹುದು.

ಲೆಕ್ಕದ ಮಾತು ಬಂದಿತಲ್ಲ, ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಬನ್ನಿ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಇಲ್ಲಿನ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ, ‘ಕವಿರಾಜಮಾರ್ಗ’ ಹುಟ್ಟಿತೆಂಬುದು ಸಾಲಿಯ ಹುಡುಗರಿಗೆಲ್ಲ ಬಾಯಿಪಾಠ. ಅದೇ ದೊರೆಯ ಆಶ್ರಯದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದನೆಂಬುದು ಅಷ್ಟಾಗಿ ಬಾಯಿಗೆ ಬರುವುದಿಲ್ಲ. ಆ ಗಣಿತ ಗ್ರಂಥ ಇರುವುದು ಶ್ಲೋಕಗಳಲ್ಲಿ. ಭಿನ್ನರಾಶಿಯ ಲೆಕ್ಕಕ್ಕೆ ದುಂಬಿಗಳ ಹಿಂಡು ಬರುತ್ತದೆ, ತಾವರೆ ಬರುತ್ತದೆ, ಹಣ್ಣಿನ ರಾಶಿಯನ್ನು ಹಂಚಿಕೊಳ್ಳುವವರು ಬರುತ್ತಾರೆ. ಹುಡುಗರು ಲೆಕ್ಕ ಬಿಡಿಸುವ ಮೊದಲು ಒಂದು ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಲೇಬೇಕು. ಓದು ಬರಹ ಕಲಿಯದ ನಾಡವರೂ ಕಾವ್ಯದಲ್ಲಿ ನುರಿತವರೆಂದು ಕವಿರಾಜಮಾರ್ಗ ಮೆಚ್ಚಿದ್ದು ಇದೇ ಸೀಮೆಯಲ್ಲಿ ಕುಳಿತು. ಹನ್ನೊಂದೂವರೆ ಶತಮಾನ ಕಳೆದ ಮೇಲೆ ಅದೇ ಸೀಮೆಯ ಸಾಲಿಯಲ್ಲಿ ಲೆಕ್ಕಕ್ಕೂ ಪದ್ಯಕ್ಕೂ ಪಿರಿಯಡ್ಡಿನ ಜಗಳ ಹಚ್ಚಿದ್ದೇವೆ.

ಚಿತ್ತಾಪುರದ ಮಗ್ಗುಲಲ್ಲಿ ನಾಗಾವಿ ಇದೆ. ಅರವತ್ತು ಕಂಬದ ಗುಡಿಯ ಊರು. ಅಲ್ಲಿನ ಘಟಿಕಾಸ್ಥಾನದ, ಅಂದರೆ ಹಳೆಯ ವಿದ್ಯಾಕೇಂದ್ರದ, 1058ರ ಶಾಸನವನ್ನು ಇಂದಿನ ಬಜೆಟ್ ಪ್ರತಿಯ ಹಾಗೆ ಓದಬಹುದು. ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನ ಸುಮಾರು 250 ವಿದ್ಯಾರ್ಥಿಗಳಿಗೆ, ಅವರ ಗುರುಗಳಿಗೆ ಮತ್ತು ಆರು ಮಂದಿ ಸರಸ್ವತೀ ಭಂಡಾರಿಗರಿಗೆ, ಅಂದರೆ ಗ್ರಂಥಪಾಲಕರಿಗೆ, ಏರ್ಪಾಟು ಮಾಡಿದ. ಪಾಠ ಹೇಳುವವರಿಗಷ್ಟೇ ಕೊಟ್ಟರೆ ಸಾಲದು, ಪುಸ್ತಕ ಕಾಯುವವರಿಗೂ ಜೀವನಾಧಾರ ಬೇಕೆಂದು ಆ ಕಾಲದವರಿಗೆ ಹೊಳೆದಿತ್ತು. ಈಗಿನ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಪಾಲಕರೂ ಇಲ್ಲ, ಕಲಾ ಶಿಕ್ಷಕರಂತೂ ದೂರದ ಮಾತು.

ಹಾಗೆಂದು ಕಾನೂನು ಸುಮ್ಮನಿದೆಯೆ? ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಸ್ಪಷ್ಟವಾಗಿದೆ. 6ರಿಂದ 8ನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆಗೆ, ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರು ಇರಬೇಕು. ಅದಕ್ಕೂ ಮೊದಲು, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆ ಬಂದ ಕಲಾ ಶಿಕ್ಷಣದ ವಿಚಾರಪತ್ರ, ಹತ್ತನೇ ತರಗತಿವರೆಗೆ ಕಲೆ ಕಡ್ಡಾಯ ವಿಷಯವಾಗಬೇಕೆಂದು ಹೇಳಿತ್ತು. ಶೌಚಾಲಯ ಇಲ್ಲವೆಂದು, ಕಾಂಪೌಂಡ್ ಬಿದ್ದಿದೆಯೆಂದು, ಬಿಸಿಯೂಟದ ಬೇಳೆ ತೆಳ್ಳಗಿದೆಯೆಂದು ಪಾಲಕರು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ ಮೆಟ್ಟಿಲು ಹತ್ತಿದ ಉದಾಹರಣೆಗಳು ಬೇಕಾದಷ್ಟು. ಕಲಾ ಬೋಧಕರನ್ನು ಕೊಡಿ ಎಂದು ಹತ್ತಿದ್ದು ಕೇಳಿಲ್ಲ. ಹಕ್ಕು ಇದೆಯೆಂದು ಗೊತ್ತಿಲ್ಲದವರು ಕೇಳುವುದಾದರೂ ಹೇಗೆ?

ಪ್ರೌಢಶಾಲೆಗಳಲ್ಲಿ ಒಂದು ಕಾಲಕ್ಕೆ ಡ್ರಾಯಿಂಗ್ ಮಾಸ್ತರರಿದ್ದರು. ಲೋವರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಹುಡುಗರನ್ನು ಕೂರಿಸುತ್ತಿದ್ದರು, ಆಗಸ್ಟ್ ಹದಿನೈದಕ್ಕೆ ಗಾಂಧೀಜಿ ಚಿತ್ರ ಬರೆಯುತ್ತಿದ್ದರು, ವಿಜ್ಞಾನದ ಮೇಷ್ಟ್ರಿಗೆ ಹೃದಯದ ಚಾರ್ಟ್ ಮಾಡಿಕೊಡುತ್ತಿದ್ದರು. ಅವರು ನಿವೃತ್ತರಾದ ಮೇಲೆ ಹುದ್ದೆ ಖಾಲಿಬಿದ್ದ ಶಾಲೆಗಳೆಷ್ಟೋ. ಕಲಿತವರ ಬರವೇನೂ ಈ ಜಿಲ್ಲೆಗಿಲ್ಲ. ಮನೆಮನೆಯ ಗೋಡೆಯ ಮೇಲೆ ಕ್ಯಾಲೆಂಡರ್ ದೇವರಾಗಿ ನಿಂತ ಚಿತ್ರಗಳ ಕರ್ತೃ ಎಸ್.ಎಂ. ಪಂಡಿತ 1916ರಲ್ಲಿ ಹುಟ್ಟಿದ್ದು ಕಲಬುರಗಿಯಲ್ಲಿ. ಜೆ.ಎಸ್. ಖಂಡೇರಾವ್, ವಿ.ಜಿ. ಅಂದಾನಿಯವರಂಥವರು ಕಲಬುರಗಿಯಲ್ಲಿ ಕಲಾಶಾಲೆಗಳನ್ನು ಕಟ್ಟಿ ತಲೆಮಾರುಗಳನ್ನು ತಯಾರು ಮಾಡಿದರು. ಅಲ್ಲಿ ಕಲಿತವರಲ್ಲಿ ಬೋರ್ಡ್ ಬರೆಯುವ ಅಂಗಡಿ ಇಟ್ಟವರಿದ್ದಾರೆ. ಫ್ಲೆಕ್ಸ್ ಬಂದ ಮೇಲೆ ಅವರಲ್ಲಿ ಕೆಲವರ ಕುಂಚ ಒಣಗಿ ಮೂಲೆ ಸೇರಿದೆ. ಶಹಾಬಾದಿನ ಬಜಾರದಲ್ಲೋ ಸೇಡಂ ಬಸ್‌ಸ್ಟ್ಯಾಂಡ್ ಬಳಿಯೋ ಅಂಥವರೊಬ್ಬರನ್ನು ಹುಡುಕುವುದು ಕಷ್ಟವಲ್ಲ. ಅವರನ್ನು ವಾರಕ್ಕೆ ಅರ್ಧ ದಿನ ಸಾಲಿಗೆ ಕರೆಯಲು ಯಾವ ಆದೇಶ ಬರಬೇಕು?

ಬಣ್ಣ, ಡ್ರಾಯಿಂಗ್ ಹಾಳೆಗೆ ದುಡ್ಡಿಲ್ಲ ಎನ್ನುವುದು ಇನ್ನೊಂದು ನೆಪ. ಈ ಕಡೆಯ ಊರುಗಳು ಕೂತಿರುವುದು ಫರಸಿ ಕಲ್ಲಿನ ಮೇಲೆ. ದೇಶದ ಎಲ್ಲೆಲ್ಲೋ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಇಲ್ಲಿನ ಸಾಲಿಗಳ ಕೋಣೆಯಲ್ಲೂ ವರಾಂಡದಲ್ಲೂ ಇದೆ. ಸೀಮೆಸುಣ್ಣ ಹಿಡಿದ ಮಗುವಿಗೆ ಒಂದೊಂದು ಚಪ್ಪಡಿ ಕೊಟ್ಟರೆ ಒಂದೊಂದು ಹಾಳೆ ಸಿಕ್ಕಂತೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನಾಳೆಗೆ ಹೊಸ ಹಾಳೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಸಿಕ್ಕ ಸ್ತೂಪದ ಶಿಲ್ಪಗಳೂ ಸುಣ್ಣಕಲ್ಲಿನವೇ. ಅಶೋಕನ ಹೆಸರು ಕೆತ್ತಿದ, ಅವನ ಆಕೃತಿಯಿರುವ ಫಲಕ ಸಿಕ್ಕಿದ್ದು ಅಲ್ಲೇ. ವಾಡಿಯಿಂದ ಮಕ್ಕಳನ್ನು ಮೈಸೂರಿಗೆ ಪ್ರವಾಸ ಒಯ್ಯುವ ಮೊದಲು ಭೀಮಾ ದಂಡೆಯ ಈ ಜಾಗಕ್ಕೆ ಒಯ್ದು, ಒಂದು ದಿನ ಪೂರ್ತಿ ಚಿತ್ರ ಬರೆಸಿದರೆ ಇತಿಹಾಸದ ಪಾಠವೂ ಆದೀತು.

ಸರ್ಕಾರ ಏನೂ ಮಾಡಿಲ್ಲ ಎನ್ನಲೂ ಬಾರದು. ಪ್ರತಿಭಾ ಕಾರಂಜಿ ಎರಡು ದಶಕದಿಂದ ನಡೆದಿದೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಕಂಠಪಾಠ, ಛದ್ಮವೇಷ, ಮಣ್ಣಿನ ಮಾದರಿ, ಜಾನಪದ ನೃತ್ಯ, ಕವ್ವಾಲಿ, ಗಝಲ್. (ಕವ್ವಾಲಿ ಸ್ಪರ್ಧೆಗೆ ಕನ್ನಡ ಸಾಲಿಯ ಹುಡುಗರು ಟೋಪಿ ಹಾಕಿ ಕೂತು ಚಪ್ಪಾಳೆ ತಟ್ಟುವುದು ನಮ್ಮ ಕಡೆಯ ಒಂದು ಚೆಂದ.) ಆದರೆ ಕಾರಂಜಿ ಚಿಮ್ಮುವುದು ವರ್ಷಕ್ಕೊಮ್ಮೆ. ಸಾಲಿಯಲ್ಲಿ ಚುರುಕಾದ ಏಳೆಂಟು ಮಕ್ಕಳನ್ನು ಆರಿಸಿ, ವಾರವಿಡೀ ತಿದ್ದಿ, ಬಾಡಿಗೆ ಡ್ರೆಸ್ಸಿಗೆ ಮೇಡಂ ತಮ್ಮ ಪರ್ಸಿನಿಂದ ದುಡ್ಡು ಕೊಟ್ಟು ಕರೆದೊಯ್ಯುತ್ತಾರೆ. ಉಳಿದ ಮಕ್ಕಳು ಅಂದು ರಜೆ ಸಿಕ್ಕಿತೆಂದು ಖುಷಿಪಡುತ್ತಾರೆ. ಬಹುಮಾನ ಬರುವ ಮಗು ಪ್ರತಿ ವರ್ಷ ಹೆಚ್ಚುಕಡಿಮೆ ಅದೇ.

ಅದಕ್ಕಿಂತ ಹೆಚ್ಚು ಭರವಸೆ ಹುಟ್ಟಿಸಿದ್ದು ಕಲಿಕಾ ಹಬ್ಬ. ಕೊರೋನಾ ನಂತರದ ‘ಕಲಿಕಾ ಚೇತರಿಕೆ’ಯ ಅಂಗವಾಗಿ 2023ರ ಆರಂಭದಲ್ಲಿ ಅದು ಕ್ಲಸ್ಟರ್ ಕ್ಲಸ್ಟರಿನಲ್ಲಿ ನಡೆಯಿತು. ಬಹುಮಾನವಿಲ್ಲ, ತೀರ್ಪುಗಾರರಿಲ್ಲ. ‘ಕಾಗದ ಕತ್ತರಿ’, ‘ಹಾಡು ಆಡು’, ‘ಊರು ತಿಳಿಯೋಣ’ ಎಂಬಂಥ ಮೂಲೆಗಳಲ್ಲಿ ಮಕ್ಕಳು ಗುಂಪಾಗಿ ಏನಾದರೊಂದು ಮಾಡುವುದು. ಕಾಗದದ ಟೋಪಿ ಹಾಕಿಕೊಂಡ ಮಕ್ಕಳ ಮೆರವಣಿಗೆ, ಬಾಗಿಲಲ್ಲಿ ರಂಗೋಲಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಂದರೆ ಎಸ್‌ಡಿಎಂಸಿಯವರ ಓಡಾಟ. ಎಷ್ಟೋ ಊರು ಅದನ್ನು ತನ್ನ ಮನೆಯ ಕಾರ್ಯವೆಂದೇ ನಡೆಸಿತು. 2025ರ ಕಲಿಕಾ ಹಬ್ಬದಲ್ಲಿ ಪೋಷಕರು ಮತ್ತು ಮಕ್ಕಳು ಕೂಡಿ ಆಡುವ ವಲಯವೊಂದನ್ನೇ ಸೇರಿಸಿದರು. ಆದರೆ ಆ ಬಾರಿ ಗಟ್ಟಿ ಓದು, ರಸಪ್ರಶ್ನೆ, ಜ್ಞಾಪಕಶಕ್ತಿಗಳದೇ ಮೇಲುಗೈ. ಇಲಾಖೆಯ ಕೈಗೆ ಸಿಕ್ಕ ಯಾವ ಹಬ್ಬವೂ ನಿಧಾನಕ್ಕೆ ಪರೀಕ್ಷೆಯ ರೂಪ ತಾಳುತ್ತದೆ ಎಂಬ ಸಂಶಯ ನನ್ನದು.

ಸೇಡಂ ಪಟ್ಟಣಕ್ಕೆ ದೊಡ್ಡದಾಗಿ ಸೇರಿ ಮಾಡುವುದು ಹೊಸದಲ್ಲ. ಕೊತ್ತಲ ಬಸವೇಶ್ವರ ಭಾರತೀಯ ಶಿಕ್ಷಣ ಸಮಿತಿಯ ಸುವರ್ಣ ಮಹೋತ್ಸವದ ನೆಪದಲ್ಲಿ 2025ರ ಜನವರಿ ಕೊನೆಯಿಂದ ಒಂಬತ್ತು ದಿನ ನಡೆದ ಭಾರತೀಯ ಸಂಸ್ಕೃತಿ ಉತ್ಸವಕ್ಕೆ ಜನ ಜಾತ್ರೆಯಂತೆ ನೆರೆದಿದ್ದರು. ಅಂಥ ಉತ್ಸವಗಳ ವಿಚಾರದ ಬಗ್ಗೆ ಒಪ್ಪುವವರೂ ಒಪ್ಪದವರೂ ಇದ್ದಾರೆ. ದುಡಿಯುವ ಕೈಗಳನ್ನು ಒಟ್ಟುಗೂಡಿಸುವ ಶಕ್ತಿ ಊರಿಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಶಾಮಿಯಾನ ಬಿಚ್ಚಿದ ಮರುದಿನದ ಸೋಮವಾರವೇ ತೊಡಕು.

ಆ ಸೋಮವಾರಕ್ಕೆ ಬೇಕಾದದ್ದು ಊರಲ್ಲೇ ಇದೆ. ತತ್ವಪದ ಹಾಡುವ ಭಜನಾ ಮಂಡಳಿಯಿಲ್ಲದ ಹಳ್ಳಿ ಈ ಕಡೆ ಅಪರೂಪ. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ಪರಂಪರೆ ಏಕತಾರಿ, ದಮ್ಮಡಿಗಳ ಜೊತೆ ಇಲ್ಲಿಯವರೆಗೂ ಹಬ್ಬಿದೆ. ಮೊಹರಂ ಬಂದರೆ ರಿವಾಯತ್ ಪದ, ಅಲಾಯಿ ಕುಣಿತ. ವೀರಭದ್ರನ ಗುಡಿಯಿದ್ದಲ್ಲಿ ಪುರವಂತರ ವಡಪು. ಮದುವೆ ಮನೆಯಲ್ಲಿ ಸೋಬಾನೆ. ಹಲಿಗೆ, ಡೊಳ್ಳು, ಗೀಗಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಮಾಸಾಶನ ಪಡೆಯುವ ಹಿರಿಯ ಕಲಾವಿದರು ತಾಲ್ಲೂಕು ತಾಲ್ಲೂಕಿನಲ್ಲಿದ್ದಾರೆ, ಅವರ ಪಟ್ಟಿ ಇಲಾಖೆಯಲ್ಲೇ ಇದೆ. ಶಿಕ್ಷಣ ಇಲಾಖೆ ಆ ಪಟ್ಟಿಯನ್ನು ತರಿಸಿ ಊರುವಾರು ವಿಂಗಡಿಸಿ ಮುಖ್ಯಗುರುಗಳಿಗೆ ಕೊಟ್ಟರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಕಷ್ಟದ್ದು. ಊರಿನ ಕಲೆ ಎಂದಾಕ್ಷಣ ಅದೆಲ್ಲ ಸಿಹಿ ಎಂದು ಭಾವಿಸಬೇಡಿ. ಜಾತ್ರೆಯಲ್ಲಿ ಹಲಿಗೆಯವರು ಬಾರಿಸದೆ ತೇರು ಕದಲದು, ಆದರೆ ಅದೇ ಹಲಿಗೆಯವರು ಗುಡಿ ಕಟ್ಟೆ ಹತ್ತುವ ಹಾಗಿಲ್ಲದ ಊರುಗಳು ಇದ್ದವು, ಇವೆ. ಅವರನ್ನು ಸಾಲಿಗೆ ಕರೆಸಿದರೆ ಎಲ್ಲಿ ಕೂರಿಸುತ್ತೀರಿ? ಅತಿಥಿಗಳು ಬಂದಾಗ ಬಾಗಿಲಲ್ಲಿ ನಿಂತು ಬಾರಿಸಲಿಕ್ಕೋ, ಕುರ್ಚಿ ಹಾಕಿ ‘ಮಕ್ಕಳೇ, ಇವರು ನಿಮ್ಮ ತಾಳದ ಗುರುಗಳು’ ಎಂದು ಹೇಳಲಿಕ್ಕೋ? ಅಲಾಯಿ ಕುಣಿತ ಕಲಿಸಿದರೆ ಒಂದು ಗುಂಪು ಹುಬ್ಬೇರಿಸೀತು, ಪುರವಂತಿಕೆ ಕಲಿಸಿದರೆ ಇನ್ನೊಂದು. ಹುಡುಗಿಯರು ಎಂಟನೇ ತರಗತಿಗೆ ಬಂದ ಮೇಲೆ ವೇದಿಕೆ ಹತ್ತುವುದು ಬೇಡ ಎನ್ನುವ ಅಪ್ಪಂದಿರು ಎಲ್ಲ ಜಾತಿಯಲ್ಲೂ ಸಿಗುತ್ತಾರೆ. ಈ ತಕರಾರುಗಳಿಂದ ತಪ್ಪಿಸಿಕೊಳ್ಳಲೆಂದೇ ಇರಬೇಕು, ವಾರ್ಷಿಕೋತ್ಸವದಲ್ಲಿ ಪೆನ್‌ಡ್ರೈವಿನಿಂದ ಸಿನಿಮಾ ಹಾಡು ಹಾಕಿ ಕುಣಿಸಿಬಿಡುತ್ತೇವೆ. ಅದಕ್ಕೆ ಯಾರ ವಿರೋಧವೂ ಇಲ್ಲ, ಅದರಲ್ಲಿ ಯಾರೂ ಏನೂ ಕಲಿಯುವುದೂ ಇಲ್ಲ. ಎಸ್‌ಡಿಎಂಸಿ ಸಭೆಯಲ್ಲಿ ಕೂತು ಜಗಳಾಡಿಯಾದರೂ ಒಂದು ನಿರ್ಧಾರಕ್ಕೆ ಬರುವುದು ಮೇಲು. ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿದೆ. ಹೆಣ್ಣುಮಕ್ಕಳ ಪ್ರಶ್ನೆಗೆ ಅಪ್ಪಂದಿರೇ ಉತ್ತರ ಕೊಡಬೇಕಿಲ್ಲ.

ಚಿಂಚೋಳಿಯ ಲಂಬಾಣಿ ತಾಂಡಾಗಳ ಕಥೆ ಬೇರೆ. ಸುಗ್ಗಿ ಮುಗಿದ ಮೇಲೆ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ವರ್ಷದ ನಡುವೆ ಸಾಲಿ ಬಿಡುತ್ತಾರೆ, ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ. ಮನೆಯಲ್ಲಿ ಗೋರಬೋಲಿ, ಸಾಲಿಯಲ್ಲಿ ಕನ್ನಡ. ಗಡಿಯ ಸೇಡಂ ಹಳ್ಳಿಗಳಲ್ಲಿ ತೆಲುಗು, ವಾಡಿ ಶಹಾಬಾದುಗಳಲ್ಲಿ ದಖನಿ ಮಾತಾಡುವ ಮಕ್ಕಳಿಗೂ ಇದೇ ಪಾಡು. ಬಾಯಿ ಬರದ ಜಾಗದಲ್ಲಿ ಮಗು ಮೊದಲು ಮಾತಾಡುವುದು ಕೈಯಿಂದ, ಕುಣಿತದಿಂದ. ತಾಂಡಾದ ಅಜ್ಜಿಯರು ಫೇಟಿಯಾ (ಲಂಗ), ಕಾಂಚಳಿ (ರವಿಕೆ)ಗಳ ಮೇಲೆ ಕನ್ನಡಿ ಕೂಡಿಸಿ ಹಾಕುವ ಹೊಲಿಗೆಯಲ್ಲಿ ತ್ರಿಕೋನ, ಚೌಕ, ಸಮಮಿತಿ ಎಲ್ಲವೂ ಇದೆ. ತೀಜ್ ಹಬ್ಬಕ್ಕೆ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಗೋಧಿ ಬಿತ್ತಿ, ಒಂಬತ್ತು ದಿನ ನೀರೆರೆದು ಹಾಡುವುದರಲ್ಲಿ ಮೊಳಕೆಯ ಪಾಠವೂ ಇದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯ ಜಿ20 ಸಭೆಯಲ್ಲಿ 1,755 ಲಂಬಾಣಿ ಕಸೂತಿ ವಸ್ತುಗಳನ್ನಿಟ್ಟು ಗಿನ್ನೆಸ್ ದಾಖಲೆಯನ್ನೂ ಮಾಡಿದರು. ಚಿಂಚೋಳಿಯ ತಾಂಡಾ ಸಾಲಿಗೆ ಒಬ್ಬ ಅಜ್ಜಿ ಸೂಜಿ ದಾರ ಹಿಡಿದು ಬಂದು ಕೂರಲು ದಾಖಲೆಯೇನೂ ಬೇಕಿಲ್ಲ.

ದುಡ್ಡಿನ ಮಾತನ್ನೂ ಆಡಿಬಿಡೋಣ. ಎಸಿಸಿ ಕಂಪನಿ ಹುಟ್ಟಿದ 1936ಕ್ಕೂ ಮೊದಲೇ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಇತ್ತು. ಈಗ ವಾಡಿ, ಮಳಖೇಡ, ಸೇಡಂ, ಕೋಡ್ಲಾ, ಚಿತ್ತಾಪುರದ ಇಟಗಾ, ಚಿಂಚೋಳಿಯ ಛತ್ರಸಾಲ, ಎಲ್ಲಿ ನೋಡಿದರೂ ಚಿಮಣಿ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಆ ಕೆಲಸಗಳ ಯಾದಿಯಲ್ಲಿ ಶಿಕ್ಷಣವೂ ಇದೆ, ಸಾಂಪ್ರದಾಯಿಕ ಕಲೆ ಮತ್ತು ಕರಕುಶಲ ಕಲೆಯೂ ಇದೆ. ಹಳ್ಳಿಯವರು ಕಾರ್ಖಾನೆಗೆ ಹೋಗಿ ಕೇಳುವುದು ಬೆಂಚು, ಕೋಣೆ, ನೀರಿನ ಟ್ಯಾಂಕು, ಕೇಳಬೇಕಾದದ್ದೇ. ಹೆಸರು ಬರೆಸಿದ ಬೆಂಚಿನ ಫೋಟೊ ಕಂಪನಿಗೂ ಅನುಕೂಲ. ವಾರಕ್ಕೆರಡು ದಿನ ಬರುವ ತಾಳದ ಗುರುಗಳ ಗೌರವಧನಕ್ಕೆ ಹೆಸರಿನ ಫಲಕ ಹಚ್ಚಲಾಗದು, ಅದಕ್ಕೇ ಅದನ್ನು ಬರವಣಿಗೆಯಲ್ಲಿ, ಮೂರು ವರ್ಷದ ಯೋಜನೆಯಾಗಿ ಕೇಳಬೇಕು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ತನ್ನ ‘ಕಲಿ ಕಲಿಸು’ ಕಾರ್ಯಕ್ರಮದಲ್ಲಿ ರಾಜ್ಯದ ಸರ್ಕಾರಿ ಶಾಲಾ ಶಿಕ್ಷಕರಿಗೆ ಇಂಥ ಕೆಲಸಕ್ಕೇ ಅನುದಾನ ಕೊಡುತ್ತ ಬಂದಿದೆ. ಸ್ಥಳೀಯ ಕಲೆಯನ್ನು ಪಾಠದೊಳಗೆ ತರುವ ಶಿಕ್ಷಕರಿಗೆ ಅಲ್ಲಿ ಜಾಗವಿದೆ.

ಇಷ್ಟೆಲ್ಲ ಮಾಡಿದರೆ ಅಂಕ ಏರುತ್ತದೆಯೆ? ಪಾಲಕರ ಸಭೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಸುಳ್ಳು ಉತ್ತರ ಕೊಡಬಾರದು. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಊರಿನ ಕಲಾಸಂಸ್ಥೆಗಳನ್ನು ಶಾಲೆಗಳ ಜೊತೆ ಕೂಡಿಸಿದ ಪ್ರಯೋಗವನ್ನು ಡೇನಿಯಲ್ ಬೋವೆನ್ ಮತ್ತು ಬ್ರಯಾನ್ ಕಿಸಿಡಾ 42 ಶಾಲೆಗಳ 10,548 ಮಕ್ಕಳಲ್ಲಿ ಚೀಟಿ ಎತ್ತಿದಂತೆ ಶಾಲೆಗಳನ್ನು ವಿಂಗಡಿಸಿ ಪರೀಕ್ಷಿಸಿ 2019ರಲ್ಲಿ ವರದಿ ಕೊಟ್ಟರು. ಶಿಸ್ತುಕ್ರಮಕ್ಕೆ ಗುರಿಯಾದ ಮಕ್ಕಳ ಪ್ರಮಾಣ ಶೇಕಡಾ 3.6 ಅಂಶದಷ್ಟು ತಗ್ಗಿತು, ಬರವಣಿಗೆಯ ಅಂಕ ಸುಧಾರಿಸಿತು, ಇತರರ ಬಗೆಗಿನ ಕರುಣೆ ಹೆಚ್ಚಿತು. ಗಣಿತದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ, ಕೆಡಲೂ ಇಲ್ಲ. ಅಂಕ ಏರಿಸುವ ಔಷಧವೆಂದು ಹೇಳಿ ಕಲೆಯನ್ನು ಸಾಲಿಗೆ ತಂದವರು, ಮುಂದಿನ ಫಲಿತಾಂಶ ಇಳಿದ ದಿನವೇ ಅದನ್ನು ಹೊರಗೆ ಹಾಕಬೇಕಾಗುತ್ತದೆ. ಮಗು ಸಾಲಿಗೆ ಬರಲು ಆಸೆಪಡುತ್ತದೆ, ಬಾಯಿ ಬಿಟ್ಟು ಮಾತಾಡುತ್ತದೆ, ಬರೆಯಲು ಕೂರುತ್ತದೆ ಎಂದಷ್ಟೇ ಹೇಳಿದರೂ ಗೈರುಹಾಜರಿಯ ಕಾಟ ಕಂಡ ಈ ಜಿಲ್ಲೆಗೆ ಅದು ಕಡಿಮೆ ಮಾತಲ್ಲ.

ಸಮಯವನ್ನು ಇಲಾಖೆಯೇ ಕೊಟ್ಟಿದೆ. ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’. ಜಾಗವೂ ಇದೆ, ಸಾಲಿ ಮುಚ್ಚಿದ ಮೇಲೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ. ನವೆಂಬರಿನಿಂದ ಪಂಚಾಯಿತಿಗಳಲ್ಲಿ ಮಕ್ಕಳ ಹಕ್ಕುಗಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಒಂದು ಮಗು ಎದ್ದುನಿಂತು ‘ನಮ್ಮ ಸಾಲಿಗೆ ಚಿತ್ರದ ಮಾಸ್ತರ್ ಯಾವಾಗ ಬರ್ತಾರ?’ ಎಂದು ಕೇಳಲಿ. ಉತ್ತರ ತಕ್ಷಣ ಸಿಗದಿರಬಹುದು. ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು, ಅದರ ನಕಲು ಎಸ್‌ಡಿಎಂಸಿ ಅಧ್ಯಕ್ಷರ ಸಹಿಯೊಂದಿಗೆ ಬಿಇಒ ಕಚೇರಿಗೆ ಹೋಗಬೇಕು. ಊರಿನ ಅಜ್ಜಿಯೂ ಹಲಿಗೆಯ ಗುರುಗಳೂ ಶನಿವಾರ ಬರುತ್ತಿದ್ದಾರೆಂಬ ನೆಪದಲ್ಲಿ ಆ ಅರ್ಜಿಯನ್ನು ಕೈಬಿಡುವ ಹಾಗಿಲ್ಲ. ಕಾಯ್ದೆ ಹೇಳಿದ ಹುದ್ದೆಯನ್ನು ತುಂಬುವುದು ಸರ್ಕಾರದ ಕೆಲಸ, ಅದಕ್ಕೆ ಪಟ್ಟಿ ಎತ್ತಬೇಕಾದ ಹೊಣೆ ಊರಿನದಲ್ಲ.